ಸಂಧಿವಾತದ ಔಷಧಗಳು ಮತ್ತು ಶ್ವಾಸಕೋಶದ ಸೋಂಕು: ಜ್ವರಕ್ಕಾಗಿ ಕಾಯದೆ ಎಚ್ಚರ ವಹಿಸುವವರಿಗೆ ಸಮಗ್ರ ಮಾರ್ಗದರ್ಶಿ

ನನ್ನ ತಾಯಿಗೆ ರುಮಟಾಯ್ಡ್ ಸಂಧಿವಾತ ಆರಂಭವಾಗಿ ಆಗ 11 ವರ್ಷವಾಗಿತ್ತು. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನವೂ ಪ್ರೆಡ್ನಿಸೊಲೋನ್ ಎಂಬ ಒಂದು ಸಣ್ಣ ಸ್ಟೀರಾಯ್ಡ್ ಮಾತ್ರೆ, ನೋವು ಹೆಚ್ಚಾದ ದಿನ ಪ್ಯಾರಾಸಿಟಮಾಲ್, ಇಷ್ಟರಲ್ಲಿ ಅವರ ದಿನಚರಿ ಸರಾಗವಾಗಿ ಸಾಗುತ್ತಿತ್ತು. ಒಂದು ಮಳೆಗಾಲದ ಕೊನೆಯಲ್ಲಿ ಅವರು ತುಳಸಿಕಟ್ಟೆಗೆ ಹಾಕುತ್ತಿದ್ದ ಮೂರು ಸುತ್ತನ್ನು ಒಂದಕ್ಕೆ ಇಳಿಸಿದರು, ಮುಂದಿನ ವಾರ ಮೆಟ್ಟಿಲ ಮೇಲೆ ನಿಂತೇ ಕೈ ಮುಗಿಯತೊಡಗಿದರು. ಮೊಣಕಾಲು ಮತ್ತೆ ಕೈಕೊಟ್ಟಿದೆ ಎಂದು ಮನೆಯವರೆಲ್ಲ ಭಾವಿಸಿದೆವು. ಜ್ವರ ಇರಲಿಲ್ಲ. ಸಣ್ಣ ಕೆಮ್ಮಿತ್ತು, ಅದಕ್ಕೆ ಕಷಾಯ ನಡೆದಿತ್ತು. ಐದನೆಯ ವಾರ ಎಕ್ಸ್‌ರೇ ತೆಗೆಸಿದಾಗ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ಮಬ್ಬು ಕಂಡಿತು, ಕಫದ ಪರೀಕ್ಷೆಯಲ್ಲಿ ಕ್ಷಯ ಎಂದು ಖಚಿತವಾಯಿತು. ಆ ಐದು ವಾರಗಳಲ್ಲಿ ಅವರಿಗೆ ಸುಸ್ತು ಬಂದಿದ್ದು ಮೊಣಕಾಲಿನಿಂದಲ್ಲ, ಉಸಿರಿನಿಂದ.

ಸಂಧಿವಾತದ ರೋಗಿಗಳನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೂ ಸ್ವತಃ ರೋಗಿಗಳಿಗೂ ನಾನು ಹೇಳಬೇಕಾದ ಮಾತು ಇಷ್ಟೇ: ಈ ಔಷಧಗಳು ಸೋಂಕಿನ ಸಾಧ್ಯತೆಯನ್ನು ಹೆಚ್ಚಿಸುವುದರ ಜೊತೆಗೆ, ಸೋಂಕು ಬಂದಿದೆ ಎಂದು ತಿಳಿಸುವ ಗುರುತುಗಳನ್ನೂ ಮಸುಕಾಗಿಸುತ್ತವೆ. ಆದ್ದರಿಂದ ಊರಿನಲ್ಲಿ ಎಲ್ಲರಿಗೂ ಹೇಳುವ "ಜ್ವರ ಬಂದರೆ ನೋಡೋಣ" ಎಂಬ ಮಾತು ಇವರಿಗೆ ಹೊಂದುವುದಿಲ್ಲ. ಮುಂದಿನ ಹೆಜ್ಜೆಗಳನ್ನು ಓದಿ ಯಾವುದೇ ಔಷಧವನ್ನು ತಾವಾಗಿಯೇ ಆರಂಭಿಸುವುದಾಗಲಿ ನಿಲ್ಲಿಸುವುದಾಗಲಿ ಬೇಡ. ನಿಮ್ಮ ಸಂಧಿವಾತ ತಜ್ಞರೊಡನೆ ಕುಳಿತು ಮಾತನಾಡಲು ಇದನ್ನು ಬಳಸಿಕೊಳ್ಳಿ.

ಮೊದಲು ತಿಳಿಯಬೇಕಾದದ್ದು: ಔಷಧ ಬಿಟ್ಟರೆ ಅಪಾಯ ತಪ್ಪುವುದಿಲ್ಲ

ರುಮಟಾಯ್ಡ್ ಸಂಧಿವಾತದಲ್ಲಿ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ. ಔಷಧಗಳು ಆ ದಾಳಿಯನ್ನು ತಗ್ಗಿಸುತ್ತವೆ, ಆದರೆ ಅದೇ ವ್ಯವಸ್ಥೆ ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರಗಳ ವಿರುದ್ಧವೂ ಕೆಲಸ ಮಾಡಬೇಕಾಗಿರುವುದರಿಂದ ಆ ಕಡೆಯೂ ಕಾವಲು ಸ್ವಲ್ಪ ಸಡಿಲವಾಗುತ್ತದೆ. ಇದನ್ನು ಕೇಳಿದೊಡನೆ ಹಲವರು ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಅದು ತಪ್ಪು ಲೆಕ್ಕ. ಹತೋಟಿಯಲ್ಲಿಲ್ಲದ ಸಂಧಿವಾತವೇ ಸೋಂಕಿನ ಅಪಾಯವನ್ನು ಹೆಚ್ಚಿಸುತ್ತದೆ. ಜೊತೆಗೆ ನೋವು ತಾಳಲಾರದೆ ರೋಗಿ ಕೊನೆಗೆ ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಮೊರೆ ಹೋಗುತ್ತಾನೆ, ಸೋಂಕಿನ ವಿಷಯದಲ್ಲಿ ಸ್ಟೀರಾಯ್ಡ್ ಉಳಿದ ಬಹುತೇಕ ಔಷಧಗಳಿಗಿಂತ ಕೆಟ್ಟದ್ದು. ಸಂಧಿವಾತ ಶ್ವಾಸಕೋಶವನ್ನು ನೇರವಾಗಿಯೂ ಬಾಧಿಸಬಲ್ಲದು: ಶ್ವಾಸಕೋಶದ ಅಂಗಾಂಶ ಗಟ್ಟಿಯಾಗುವುದು, ಶ್ವಾಸನಾಳಗಳು ಹಿಗ್ಗಿ ಕಫ ನಿಲ್ಲುವುದು, ಇವೆಲ್ಲ ಈ ರೋಗದ ಭಾಗವೇ ಆಗಿರಬಹುದು. ಅಂಥ ಶ್ವಾಸಕೋಶದಲ್ಲಿ ಸೋಂಕು ಬೇಗ ನೆಲೆಯೂರುತ್ತದೆ.

ಹೆಜ್ಜೆ 1: ನೀವು ತೆಗೆದುಕೊಳ್ಳುವ ಔಷಧ ಯಾವ ಗುಂಪಿನದು ಎಂದು ತಿಳಿಯಿರಿ

ಚೀಟಿಯಲ್ಲಿರುವ ಎಲ್ಲ ಮಾತ್ರೆಗಳ ಅಪಾಯವೂ ಒಂದೇ ಅಲ್ಲ. ಹೈಡ್ರಾಕ್ಸಿಕ್ಲೋರೊಕ್ವಿನ್ ಮತ್ತು ಸಲ್ಫಸಲಜೀನ್ ಸೋಂಕಿನ ದೃಷ್ಟಿಯಿಂದ ತೀರ ಸೌಮ್ಯವಾದವು. ಮೆಥೊಟ್ರೆಕ್ಸೇಟ್ ಸಂಧಿವಾತಕ್ಕೆ ಕೊಡುವ ಪ್ರಮಾಣದಲ್ಲಿ, ಅಂದರೆ ವಾರಕ್ಕೆ 7.5ರಿಂದ 25 ಮಿಲಿಗ್ರಾಂವರೆಗೆ, ಜನ ಹೆದರುವಷ್ಟು ಸೋಂಕು ತರುವುದಿಲ್ಲ. ಆದರೆ ಅದರ ಎರಡು ವಿಷಯ ಗೊತ್ತಿರಲೇಬೇಕು. ಒಂದು, ಅದು ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆ. ತಪ್ಪಿ ದಿನವೂ ನುಂಗಿದವರ ರಕ್ತಕಣಗಳು ಕುಸಿದು ಪ್ರಾಣ ಹೋದ ಪ್ರಕರಣಗಳು ಇವೆ. ನಮ್ಮ ಮನೆಯಲ್ಲಿ ಕ್ಯಾಲೆಂಡರಿನ ಪ್ರತಿ ಭಾನುವಾರಕ್ಕೂ ಕೆಂಪು ಸುತ್ತು ಹಾಕಿ, ನುಂಗಿದ ಮೇಲೆ ಅದರ ಮೇಲೊಂದು ಗೀಟು ಎಳೆಯುತ್ತೇವೆ. ಎರಡು, ಕೆಲವರಲ್ಲಿ, ಹೆಚ್ಚಾಗಿ ಮೊದಲ ವರ್ಷದೊಳಗೆ, ಮೆಥೊಟ್ರೆಕ್ಸೇಟೇ ಶ್ವಾಸಕೋಶದಲ್ಲಿ ಉರಿಯೂತ ತರಬಲ್ಲದು. ಇದು ಅಪರೂಪ. ಒಣಕೆಮ್ಮು, ಜ್ವರ, ದಿನದಿಂದ ದಿನಕ್ಕೆ ಏರುವ ಏದುಸಿರು ಇದರ ಲಕ್ಷಣಗಳು, ಅಂದರೆ ನೋಡಲು ಸೋಂಕಿನಂತೆಯೇ ಇರುತ್ತದೆ. ಯಾವುದೆಂದು ತೀರ್ಮಾನಿಸುವುದು ವೈದ್ಯರ ಕೆಲಸ, ತಡಮಾಡದೆ ತಲುಪಿಸುವುದು ನಮ್ಮ ಕೆಲಸ.

ಲೆಫ್ಲುನೊಮೈಡ್ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುತ್ತದೆ. ಮಾತ್ರೆ ನಿಲ್ಲಿಸಿ ವಾರಗಳೇ ಕಳೆದಿದ್ದರೂ ಅದರ ಪರಿಣಾಮ ಉಳಿದಿರುತ್ತದೆ. ಗಂಭೀರ ಸೋಂಕಾದಾಗ ಅದನ್ನು ಬೇಗ ಹೊರಹಾಕಲು ಕೊಲೆಸ್ಟೈರಮೈನ್ ಎಂಬ ಪುಡಿಯನ್ನು ಕೊಡಬೇಕಾಗಿ ಬರುವುದುಂಟು. ಹಾಗಾಗಿ ಹಿಂದೆಂದೋ ತೆಗೆದುಕೊಂಡು ಬಿಟ್ಟ ಔಷಧವನ್ನೂ ವೈದ್ಯರಿಗೆ ಹೇಳಬೇಕು.

ಪ್ರೆಡ್ನಿಸೊಲೋನ್, ಡೆಫ್ಲಜಕಾರ್ಟ್, ಡೆಕ್ಸಮೆಥಾಸೋನ್, ಈ ಸ್ಟೀರಾಯ್ಡ್‌ಗಳ ವಿಷಯದಲ್ಲಿ ನಾನು ಸ್ವಲ್ಪ ನಿಷ್ಠುರವಾಗಿಯೇ ಹೇಳುತ್ತೇನೆ. ಪ್ರಮಾಣ ಮತ್ತು ಕಾಲ ಎರಡೂ ಏರಿದಂತೆ ಅಪಾಯವೂ ಏರುತ್ತದೆ; ದಿನಕ್ಕೆ 5 ಮಿಲಿಗ್ರಾಂನಷ್ಟು ಸಣ್ಣ ಪ್ರಮಾಣವೂ ವರ್ಷಗಟ್ಟಲೆ ಮುಂದುವರಿದರೆ ಸೋಂಕಿನ ಸಾಧ್ಯತೆ ಒಂದಿಷ್ಟು ಹೆಚ್ಚುತ್ತದೆ. ಆದ್ದರಿಂದಲೇ ಇಂದಿನ ಚಿಕಿತ್ಸಾ ಪದ್ಧತಿಯಲ್ಲಿ ಸ್ಟೀರಾಯ್ಡನ್ನು ಉಳಿದ ಔಷಧಗಳು ಕೆಲಸ ಆರಂಭಿಸುವವರೆಗೆ ಮಾತ್ರ ಕೊಟ್ಟು, ಹಂತ ಹಂತವಾಗಿ ಇಳಿಸುವುದೇ ಗುರಿ. ಪ್ರತಿ ಭೇಟಿಯಲ್ಲೂ "ಇದನ್ನು ಇನ್ನಷ್ಟು ಇಳಿಸಬಹುದೇ?" ಎಂದು ಕೇಳಿ. ಇನ್ನೊಂದು ಕಹಿ ಸತ್ಯವಿದೆ. ಗಂಟುನೋವಿಗೆ ಸಂತೆಯಲ್ಲೋ ಪರಿಚಯದವರ ಮೂಲಕವೋ ಸಿಗುವ, ಹೆಸರಿಲ್ಲದ ಪುಡಿ ಮತ್ತು ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಎರಡೇ ದಿನದಲ್ಲಿ ನೋವು ಮಾಯವಾಗಿ, ಕೆಲವು ತಿಂಗಳಲ್ಲಿ ಮುಖ ದುಂಡಗಾದರೆ ಅನುಮಾನ ಪಡಲೇಬೇಕು. ಅಂಥದ್ದನ್ನು ತೆಗೆದುಕೊಳ್ಳುತ್ತಿದ್ದರೆ ನಾಚಿಕೆಪಡದೆ ವೈದ್ಯರಿಗೆ ಪೊಟ್ಟಣವನ್ನೇ ತೋರಿಸಿ.

ಬಯಾಲಜಿಕ್ ಎಂದು ಕರೆಯುವ ಚುಚ್ಚುಮದ್ದುಗಳಲ್ಲಿ ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮುಮ್ಯಾಬ್, ಎಟನರ್ಸೆಪ್ಟ್ ಮುಂತಾದವು ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುತ್ತವೆ. ಇವುಗಳ ಮುಖ್ಯ ಅಪಾಯ ಕ್ಷಯ; ಎಟನರ್ಸೆಪ್ಟ್‌ಗಿಂತ ಮೊದಲೆರಡರಲ್ಲಿ ಅದು ಹೆಚ್ಚು. ರಿಟುಕ್ಸಿಮ್ಯಾಬ್ ಪಡೆದ ಮೇಲೆ ಪ್ರತಿಕಾಯಗಳನ್ನು ತಯಾರಿಸುವ ಬಿ ಕಣಗಳು ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಇಲ್ಲದಂತಾಗುತ್ತವೆ. ಕ್ಷಯದ ಭಯ ಇದರಲ್ಲಿ ಕಡಿಮೆ, ಆದರೆ ನ್ಯುಮೋನಿಯಾ ಮತ್ತು ವೈರಸ್ ಸೋಂಕುಗಳು ದೀರ್ಘವಾಗಿ ಕಾಡಬಹುದು. ಟೊಸಿಲಿಜುಮ್ಯಾಬ್ ಜ್ವರವನ್ನೂ, ಉರಿಯೂತವನ್ನು ತೋರಿಸುವ ಸಿಆರ್‌ಪಿ ಎಂಬ ರಕ್ತದ ಅಂಶವನ್ನೂ ತಗ್ಗಿಸಿಬಿಡುತ್ತದೆ: ನ್ಯುಮೋನಿಯಾ ಇದ್ದರೂ ರಕ್ತದ ವರದಿ ಶುದ್ಧವಾಗಿ ಕಾಣಬಹುದು. ಟೊಫಾಸಿಟಿನಿಬ್, ಬ್ಯಾರಿಸಿಟಿನಿಬ್ ಮೊದಲಾದ, ಜ್ಯಾಕ್ ಎಂಬ ಕಿಣ್ವಗಳನ್ನು ತಡೆಯುವ ಜ್ಯಾಕ್ ತಡೆ ಮಾತ್ರೆಗಳು ನಮ್ಮಲ್ಲಿ ಈಗ ಕಡಿಮೆ ಬೆಲೆಗೆ ದೊರೆಯುವುದರಿಂದ ಬಳಕೆ ಬಹಳ ಹೆಚ್ಚಿದೆ. ಬಾಯಿಯಲ್ಲಿ ನುಂಗುವ ಮಾತ್ರೆ ತಾನೆ ಎಂದು ಹಗುರವಾಗಿ ತೆಗೆದುಕೊಳ್ಳಬಾರದು. ಕ್ಷಯದ ತಪಾಸಣೆ ಚುಚ್ಚುಮದ್ದಿಗೆ ಎಷ್ಟು ಅಗತ್ಯವೋ ಈ ಮಾತ್ರೆಗೂ ಅಷ್ಟೇ ಅಗತ್ಯ, ಸರ್ಪಸುತ್ತಿನ ಸಾಧ್ಯತೆಯೂ ಇದರಲ್ಲಿ ಹೆಚ್ಚು.

ಔಷಧದ ಜೊತೆಗೆ ರೋಗಿಯ ಸ್ಥಿತಿಯನ್ನೂ ಸೇರಿಸಿ ನೋಡಬೇಕು. ವಯಸ್ಸು 60 ದಾಟಿದ್ದರೆ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಉಬ್ಬಸ, ಬೀಡಿ ಸಿಗರೇಟಿನ ಅಭ್ಯಾಸ ಇದ್ದರೆ, ಅಥವಾ ಹಿಂದೊಮ್ಮೆ ಸೋಂಕಿನಿಂದ ಆಸ್ಪತ್ರೆ ಸೇರಿದ್ದರೆ ಅದೇ ಔಷಧದ ಅಪಾಯ ಇನ್ನಷ್ಟು ಭಾರವಾಗುತ್ತದೆ.

ಹೆಜ್ಜೆ 2: ಔಷಧ ಆರಂಭಿಸುವ ಮುನ್ನ ಸುಪ್ತ ಕ್ಷಯವನ್ನು ಹುಡುಕಿಸಿ

ಈ ಹೆಜ್ಜೆಯ ಮೇಲೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿ ಭಾರತದಲ್ಲೇ ಇದ್ದಾರೆ. ಪಾಶ್ಚಾತ್ಯ ದೇಶಗಳಲ್ಲಿ ಅಪರೂಪದ ತೊಡಕು ಎನಿಸುವ ಕ್ಷಯ ನಮ್ಮಲ್ಲಿ ಎದುರಿಗೇ ನಿಂತಿರುವ ಸಾಧ್ಯತೆ.

ಕ್ಷಯದ ಬ್ಯಾಕ್ಟೀರಿಯಾ ಉಸಿರಿನ ಮೂಲಕ ಒಳಹೊಕ್ಕ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಬಹುತೇಕರಲ್ಲಿ ದೇಹ ಅವುಗಳ ಸುತ್ತ ಕಣಗಳ ಗೋಡೆ ಕಟ್ಟಿ, ದಶಕಗಳ ಕಾಲ ಕೂಡಿಹಾಕುತ್ತದೆ; ಇದೇ ಸುಪ್ತ ಕ್ಷಯ. ಆ ಗೋಡೆ ಕುಸಿಯದಂತೆ ಹಿಡಿದಿಡುವುದರಲ್ಲಿ ಟಿಎನ್‌ಎಫ್ ಪಾತ್ರ ಬಹಳ ದೊಡ್ಡದು. ಅದನ್ನು ತಡೆಯುವ ಔಷಧ ಒಳಹೋದಾಗ ಗೋಡೆ ಸಡಿಲವಾಗಿ ಹಳೆಯ ಬ್ಯಾಕ್ಟೀರಿಯಾ ಹೊರಬರುತ್ತವೆ. 2001ರಲ್ಲಿ ಅಮೆರಿಕದ ಸಂಶೋಧಕರು ಇನ್‌ಫ್ಲಿಕ್ಸಿಮ್ಯಾಬ್ ಪಡೆದ 70 ಮಂದಿಗೆ ಕ್ಷಯ ಬಂದುದನ್ನು ವಿವರಿಸಿದರು. ಅರ್ಧದಷ್ಟು ಮಂದಿಯಲ್ಲಿ ಅದು ಚಿಕಿತ್ಸೆಯ ಮೊದಲ 12 ವಾರಗಳಲ್ಲೇ ಕಾಣಿಸಿತ್ತು, ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಶ್ವಾಸಕೋಶದ ಹೊರಗೂ ಹರಡಿತ್ತು. ಔಷಧಕ್ಕೆ ಮುನ್ನ ತಪಾಸಣೆ ಮಾಡುವ ಕಟ್ಟುನಿಟ್ಟು ಬಂದುದು ಆ ಅನುಭವದ ನಂತರವೇ.

ತಪಾಸಣೆಯಲ್ಲಿ ಮೂರು ಭಾಗಗಳಿವೆ. ಮೊದಲನೆಯದು ಮಾತು: ಮನೆಯಲ್ಲಿ, ಬಾಡಿಗೆದಾರರಲ್ಲಿ, ಕೆಲಸದ ಜಾಗದಲ್ಲಿ ಯಾರಿಗಾದರೂ ಕ್ಷಯ ಆಗಿತ್ತೇ, ಚಿಕ್ಕಂದಿನಲ್ಲಿ ಅಜ್ಜನಿಗೋ ಚಿಕ್ಕಪ್ಪನಿಗೋ "ಎದೆಯ ಕಾಯಿಲೆ" ಎಂದು ತಿಂಗಳುಗಟ್ಟಲೆ ಔಷಧ ನಡೆದಿತ್ತೇ ಎಂದು ನೆನಪಿಸಿಕೊಂಡು ಹೇಳುವುದು. ನಮ್ಮ ಹಳ್ಳಿಗಳಲ್ಲಿ ಕ್ಷಯದ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹಾಗಾಗಿ ಹಿರಿಯರನ್ನು ಬಿಡಿಸಿ ಕೇಳಬೇಕು. ಎರಡನೆಯದು ಎದೆಯ ಎಕ್ಸ್‌ರೇ. ಈ ಫಿಲ್ಮನ್ನು ಎಸೆಯಬೇಡಿ. ಮುಂದೆ ಕೆಮ್ಮು ಬಂದಾಗ ಹೋಲಿಸಿ ನೋಡಲು ಇದಕ್ಕಿಂತ ಉಪಯುಕ್ತವಾದದ್ದು ಇಲ್ಲ. ಮೂರನೆಯದು ಚರ್ಮದ ಮ್ಯಾಂಟೂ ಪರೀಕ್ಷೆ ಅಥವಾ ಇಗ್ರಾ ರಕ್ತ ಪರೀಕ್ಷೆ. ಮ್ಯಾಂಟೂ ಚುಚ್ಚಿಸಿಕೊಂಡ ಮೇಲೆ 48ರಿಂದ 72 ಗಂಟೆಯೊಳಗೆ ಹೋಗಿ ತೋರಿಸಲೇಬೇಕು. ಅಲ್ಲಿ ಅಳೆಯುವುದು ಕೆಂಪನ್ನಲ್ಲ, ಬೆರಳಿಗೆ ತಾಗುವ ಗಟ್ಟಿ ಉಬ್ಬನ್ನು. ರೋಗನಿರೋಧಕ ಶಕ್ತಿ ತಗ್ಗಿದವರಲ್ಲಿ 5 ಮಿಲಿಮೀಟರ್ ಇದ್ದರೂ ಅದನ್ನು ಗಂಭೀರವಾಗಿ ಪರಿಗಣಿಸುತ್ತಾರೆ. ಈಗಾಗಲೇ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಲ್ಲಿ ಎರಡೂ ಪರೀಕ್ಷೆಗಳು ಸುಳ್ಳೇ "ಇಲ್ಲ" ಎನ್ನಬಹುದು. ಆದ್ದರಿಂದ ಒಮ್ಮೆ ನೆಗೆಟಿವ್ ಬಂದ ವರದಿ ಜೀವಮಾನದ ಪ್ರಮಾಣಪತ್ರವಲ್ಲ.

ಸುಪ್ತ ಕ್ಷಯ ಕಂಡರೆ ಭಯಪಡಬೇಕಿಲ್ಲ. ಸಕ್ರಿಯ ಕ್ಷಯವಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ ತಡೆಗಟ್ಟುವ ಚಿಕಿತ್ಸೆ ಕೊಡುತ್ತಾರೆ. ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದ 2021ರ ಮಾರ್ಗಸೂಚಿಯಲ್ಲಿ ಇಂಥ ಔಷಧ ಪಡೆಯುವವರೂ ಸೇರಿದ್ದಾರೆ: ದಿನವೂ ಐಸೋನಿಯಾಜಿಡ್ ಆರು ತಿಂಗಳು, ಇಲ್ಲವೇ ಐಸೋನಿಯಾಜಿಡ್ ಮತ್ತು ರಿಫಾಪೆಂಟಿನ್ ವಾರಕ್ಕೊಮ್ಮೆ, ಒಟ್ಟು 12 ಸಲ. ಸಾಮಾನ್ಯವಾಗಿ ಈ ಚಿಕಿತ್ಸೆ ಕನಿಷ್ಠ ಒಂದು ತಿಂಗಳು ನಡೆದ ಮೇಲೆ ಬಯಾಲಜಿಕ್ ಆರಂಭಿಸುತ್ತಾರೆ. ಇಲ್ಲಿ ಎರಡು ತೊಡಕುಗಳನ್ನು ವೈದ್ಯರ ಗಮನಕ್ಕೆ ತನ್ನಿ. ಐಸೋನಿಯಾಜಿಡ್, ಮೆಥೊಟ್ರೆಕ್ಸೇಟ್, ಲೆಫ್ಲುನೊಮೈಡ್ ಮೂರೂ ಯಕೃತ್ತಿಗೆ ಭಾರವಾದವು, ಒಟ್ಟಿಗೆ ನಡೆಯುವಾಗ ಯಕೃತ್ತಿನ ರಕ್ತ ಪರೀಕ್ಷೆ ಹೆಚ್ಚು ಸಲ ಬೇಕಾಗುತ್ತದೆ. ಕ್ಷಯದ ಔಷಧಗಳಾದ ರಿಫಾಂಪಿಸಿನ್ ಮತ್ತು ರಿಫಾಪೆಂಟಿನ್, ಪ್ರೆಡ್ನಿಸೊಲೋನ್ ಹಾಗೂ ಟೊಫಾಸಿಟಿನಿಬ್‌ಗಳ ಬಲವನ್ನು ಕುಗ್ಗಿಸುತ್ತವೆ. ಕೀಲುನೋವು ಇದ್ದಕ್ಕಿದ್ದಂತೆ ಮರುಕಳಿಸಿದರೆ ಇದೂ ಕಾರಣವಿರಬಹುದು. ಇದೇ ಸಂದರ್ಭದಲ್ಲಿ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಪರೀಕ್ಷೆಗಳನ್ನೂ ಮುಗಿಸಿಕೊಳ್ಳುವುದು ಒಳ್ಳೆಯದು.

ಹೆಜ್ಜೆ 3: ಲಸಿಕೆಗಳನ್ನು ಸಾಧ್ಯವಾದಷ್ಟು ಮೊದಲೇ ಹಾಕಿಸಿಕೊಳ್ಳಿ

ನಮ್ಮಲ್ಲಿ ಲಸಿಕೆ ಎಂದರೆ ಮಕ್ಕಳದ್ದು ಎಂಬ ಭಾವನೆ ಇನ್ನೂ ಗಟ್ಟಿಯಾಗಿದೆ. ಸಂಧಿವಾತದ ರೋಗಿಗೆ ಎರಡು ಲಸಿಕೆಗಳು ಶ್ವಾಸಕೋಶದ ನೇರ ರಕ್ಷಣೆ. ಒಂದು, ಪ್ರತಿ ವರ್ಷದ ಫ್ಲೂ ಲಸಿಕೆ. ನಮ್ಮ ಕಡೆ ಮಳೆಯೊಂದಿಗೆ ಫ್ಲೂ ಏರುವುದರಿಂದ ಮುಂಗಾರಿಗೆ ಮುನ್ನವೇ ಹಾಕಿಸಿಕೊಳ್ಳುವುದು ಮೇಲು. ಇನ್ನೊಂದು ನ್ಯುಮೋಕಾಕಲ್ ಲಸಿಕೆ. ಇದರಲ್ಲಿ ಹಲವು ಬಗೆಗಳಿವೆ; 13 ಅಥವಾ 15 ತಳಿಗಳ ಸಂಯುಕ್ತ ಲಸಿಕೆ ಪಡೆದವರು ಕನಿಷ್ಠ 8 ವಾರ ಬಿಟ್ಟು 23 ತಳಿಗಳದ್ದನ್ನು ಪಡೆಯುತ್ತಾರೆ, 20 ತಳಿಗಳದ್ದನ್ನು ಪಡೆದವರಿಗೆ ಎರಡನೆಯದರ ಅಗತ್ಯವಿಲ್ಲ. ಸರ್ಪಸುತ್ತಿಗೆ ಜೀವಂತ ವೈರಸ್ ಇಲ್ಲದ ಲಸಿಕೆ ಈಗ ಭಾರತದಲ್ಲೂ ದೊರೆಯುತ್ತದೆ, ಜ್ಯಾಕ್ ತಡೆ ಮಾತ್ರೆ ಆರಂಭಿಸುವವರು ಅದರ ಬಗ್ಗೆ ಕೇಳಬೇಕು.

ಸಮಯದ ಲೆಕ್ಕ ಮುಖ್ಯ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಕೀಲುಗಳು ಶಾಂತವಾಗಿದ್ದರೆ ಫ್ಲೂ ಲಸಿಕೆಯ ನಂತರ ಎರಡು ವಾರ ಆ ಮಾತ್ರೆಯನ್ನು ತಡೆಹಿಡಿದರೆ ಲಸಿಕೆ ಚೆನ್ನಾಗಿ ಹತ್ತುತ್ತದೆ. ಹಾಗೆ ಮಾಡಬಹುದೇ ಎಂದು ನಿಮ್ಮ ತಜ್ಞರನ್ನು ಕೇಳಿ. ರಿಟುಕ್ಸಿಮ್ಯಾಬ್‌ಗೆ ಮುನ್ನ ಕೆಲವು ವಾರಗಳ ಅಂತರದಲ್ಲಿ ಲಸಿಕೆಗಳನ್ನು ಮುಗಿಸಿಬಿಡಬೇಕು, ಆ ಔಷಧ ಒಳಹೋದ ಮೇಲೆ ತಿಂಗಳುಗಟ್ಟಲೆ ಲಸಿಕೆಗೆ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ. ಜೀವಂತ ವೈರಸ್ ಇರುವ ಲಸಿಕೆಗಳನ್ನು, ಉದಾಹರಣೆಗೆ ಮೂಗಿಗೆ ಸಿಂಪಡಿಸುವ ಫ್ಲೂ ಲಸಿಕೆ ಮತ್ತು ಆಫ್ರಿಕಾ ಪ್ರವಾಸಕ್ಕೆ ಬೇಕಾಗುವ ಹಳದಿ ಜ್ವರದ ಲಸಿಕೆಯನ್ನು, ಬಯಾಲಜಿಕ್ ಅಥವಾ ಜ್ಯಾಕ್ ತಡೆ ಮಾತ್ರೆ ಪಡೆಯುತ್ತಿರುವಾಗ ಹಾಕಿಸಿಕೊಳ್ಳಬಾರದು. ಜೊತೆಯಲ್ಲಿ ವಾಸಿಸುವವರೂ ಫ್ಲೂ ಲಸಿಕೆ ಪಡೆದರೆ ರೋಗಿಗೆ ಎರಡನೆಯ ಕಾವಲು ಸಿಕ್ಕಂತೆ.

ಹೆಜ್ಜೆ 4: ಮನೆ, ತೋಟ, ಗದ್ದೆಗಳಲ್ಲಿ ಎಚ್ಚರ

ಬೀಡಿ, ಸಿಗರೇಟು ಬಿಡುವುದು ಮೊದಲನೆಯದು. ಧೂಮಪಾನ ಸೋಂಕಿಗೂ ಸಂಧಿವಾತಕ್ಕೂ ಎರಡಕ್ಕೂ ಗೊಬ್ಬರ ಹಾಕಿದಂತೆ. ಸೌದೆ ಒಲೆಯ ಹೊಗೆ ತುಂಬುವ ಅಡುಗೆಮನೆಯಲ್ಲಿ ರೋಗಿ ಗಂಟೆಗಟ್ಟಲೆ ಕೂರುವುದನ್ನು ತಪ್ಪಿಸಿ. ಮುಗ್ಗಲು ಹಿಡಿದ ಹುಲ್ಲು ಬಿಡಿಸುವುದು, ಗೊಬ್ಬರದ ಗುಂಡಿ ಕೆದಕುವುದು, ಹಳೆಯ ಗೋಡೆ ಒಡೆಯುವ ಧೂಳಿನಲ್ಲಿ ನಿಲ್ಲುವುದು, ಪಾರಿವಾಳದ ಹಿಕ್ಕೆ ಗುಡಿಸುವುದು, ಇವುಗಳಲ್ಲಿ ಶಿಲೀಂಧ್ರದ ಬೀಜಕಣಗಳು ಉಸಿರಿಗೆ ಸೇರುತ್ತವೆ. ಈ ಕೆಲಸಗಳನ್ನು ಮನೆಯ ಬೇರೆಯವರು ವಹಿಸಿಕೊಳ್ಳಲಿ.

ಕರಾವಳಿಯವರಿಗೆ ಒಂದು ವಿಶೇಷ ಮಾತು. ಉಡುಪಿ, ದಕ್ಷಿಣ ಕನ್ನಡ ಭಾಗದಲ್ಲಿ ಮಳೆಗಾಲದಲ್ಲಿ ಮೆಲಿಯಾಯ್ಡೋಸಿಸ್ ಎಂಬ ಸೋಂಕು ಕಾಣಿಸಿಕೊಳ್ಳುತ್ತದೆ. ಅದರ ಬ್ಯಾಕ್ಟೀರಿಯಾ ಒದ್ದೆ ಮಣ್ಣಿನಲ್ಲಿ, ಗದ್ದೆಯ ಕೆಸರು ನೀರಿನಲ್ಲಿ ಇರುತ್ತದೆ. ಗಾಯದ ಮೂಲಕ, ಉಸಿರಿನ ಮೂಲಕ, ಕುಡಿಯುವ ನೀರಿನ ಮೂಲಕ ಒಳಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಹೆಚ್ಚು ತಗಲುತ್ತದೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೂ ಅಪಾಯವಿದೆ. ಬಹಳ ಸಲ ಅದು ನ್ಯುಮೋನಿಯಾ ಆಗಿ ಕಾಣಿಸುತ್ತದೆ, ಎಕ್ಸ್‌ರೇಯಲ್ಲಿ ಕ್ಷಯವನ್ನೇ ಹೋಲುತ್ತದೆ. ನಾಟಿಯ ಸಮಯದಲ್ಲಿ ಗದ್ದೆಗೆ ಇಳಿಯಲೇಬೇಕಾದರೆ ರಬ್ಬರ್ ಬೂಟು ಹಾಕಿ, ಕಾಲಿನ ಒಡಕು ಮತ್ತು ಗಾಯಗಳನ್ನು ಮುಚ್ಚಿ, ಮನೆಗೆ ಬಂದೊಡನೆ ಸೋಪು ಹಚ್ಚಿ ತೊಳೆಯಿರಿ, ನೀರನ್ನು ಕುದಿಸಿ ಕುಡಿಯಿರಿ. ಆಸ್ಪತ್ರೆಗೆ ಹೋದಾಗ "ನಾವು ಗದ್ದೆ ಕೆಲಸದವರು" ಎಂಬ ಒಂದು ಮಾತು ರೋಗ ಪತ್ತೆಯ ದಾರಿಯನ್ನೇ ಬದಲಿಸಬಹುದು.

ಊಟದ ವಿಷಯವನ್ನು ಕಡೆಗಣಿಸುವವರೇ ಹೆಚ್ಚು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಷಯರೋಗಿಗಳ ಮನೆಯವರಿಗೆ ಹೆಚ್ಚುವರಿ ಪೌಷ್ಟಿಕ ಆಹಾರ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಇಳಿಯಿತು. ಅದು ಸಂಧಿವಾತದ ರೋಗಿಗಳ ಮೇಲೆ ನಡೆದ ಅಧ್ಯಯನವಲ್ಲ, ಆದರೂ ಬೆರಳು ಮಡಚಲಾಗದೆ ಅರ್ಧ ಊಟಕ್ಕೇ ಎದ್ದುಬಿಡುವ ರೋಗಿಯ ತಟ್ಟೆಯನ್ನು ಗಮನಿಸಲು ಇಷ್ಟು ಕಾರಣ ಸಾಕು. ಬೇಳೆ, ಮೊಟ್ಟೆ, ಮೊಸರು, ಕಡಲೆ, ಯಾವುದು ಒಗ್ಗುತ್ತದೋ ಅದು ದಿನವೂ ಹೊಟ್ಟೆಗೆ ಸೇರಲಿ.

ಹೆಜ್ಜೆ 5: ಗುರುತುಗಳನ್ನು ಮನೆಯಲ್ಲೇ ಅಳೆಯಿರಿ

ಸ್ಟೀರಾಯ್ಡ್, ಪ್ಯಾರಾಸಿಟಮಾಲ್, ಇತರ ನೋವಿನ ಮಾತ್ರೆಗಳು ಜ್ವರವನ್ನು ಅಡಗಿಸುತ್ತವೆ. ಕೀಲುನೋವಿನಿಂದ ಓಡಾಟ ಕಡಿಮೆ ಇರುವುದರಿಂದ ನಡೆದಾಗ ಬರಬೇಕಾದ ಏದುಸಿರು ಹೊರಗೆ ಕಾಣುವುದೇ ಇಲ್ಲ. ತೂಕ ಇಳಿದರೆ ಸಂಧಿವಾತದ್ದೆಂದು, ಸುಸ್ತಾದರೆ ವಯಸ್ಸಾಯಿತೆಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಅದಕ್ಕಾಗಿ ಅಂದಾಜಿನ ಬದಲು ಅಳತೆಯನ್ನು ನಂಬಬೇಕು.

ರೋಗಿ ಆರೋಗ್ಯವಾಗಿರುವ ದಿನವೇ ಒಂದು ಪುಸ್ತಕದಲ್ಲಿ ಬರೆದಿಡಿ: ತೂಕ, ದೇಹದ ಉಷ್ಣತೆ, ಕುಳಿತು ವಿಶ್ರಾಂತಿಯಲ್ಲಿರುವಾಗ ಆಮ್ಲಜನಕದ ಮಟ್ಟ, ಒಂದು ನಿಮಿಷದಲ್ಲಿ ಎಷ್ಟು ಉಸಿರು. ಉಸಿರನ್ನು ಎಣಿಸುವಾಗ "ಎಣಿಸುತ್ತಿದ್ದೇನೆ" ಎಂದು ಹೇಳಬಾರದು, ಹೇಳಿದರೆ ಅವರು ಬೇರೆ ರೀತಿ ಉಸಿರಾಡುತ್ತಾರೆ. ನಾಡಿ ಹಿಡಿದವರಂತೆ ಮಣಿಕಟ್ಟು ಹಿಡಿದು, ಹೊಟ್ಟೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ. 12ರಿಂದ 20 ಸಾಮಾನ್ಯ. ಆಕ್ಸಿಮೀಟರ್ ಬಳಸುವಾಗ ಸಂಧಿವಾತದ ಬೆರಳುಗಳು ತೊಂದರೆ ಕೊಡುತ್ತವೆ: ಬೆರಳು ಸೊಟ್ಟಗಿದ್ದರೆ ಕ್ಲಿಪ್ಪು ಸರಿಯಾಗಿ ಕೂರುವುದಿಲ್ಲ, ತಣ್ಣಗಿದ್ದರೆ ಸಂಖ್ಯೆ ತಪ್ಪು ತೋರಿಸುತ್ತದೆ, ಉಗುರುಬಣ್ಣವೂ ಅಡ್ಡಿ. ಅಮ್ಮನ ಕೈಯನ್ನು ಎರಡು ನಿಮಿಷ ನನ್ನ ಅಂಗೈಯಲ್ಲಿಟ್ಟು ಬೆಚ್ಚಗಾಗಿಸಿ, ಎಡಗೈಯ ಉಂಗುರದ ಬೆರಳಿಗೇ ಹಾಕುತ್ತೇನೆ, ಏಕೆಂದರೆ ಅವರ ಬೆರಳುಗಳಲ್ಲಿ ನೇರವಾಗಿ ಉಳಿದಿರುವುದು ಅದೊಂದೇ. ಪ್ರತಿ ಸಲವೂ ಒಂದೇ ಬೆರಳು ಬಳಸಿದರೆ ಹೋಲಿಕೆ ಸರಿಯಾಗಿರುತ್ತದೆ.

ಹೊಸ ಕೆಮ್ಮು ಮೂರು ದಿನಕ್ಕೂ ಕಡಿಮೆಯಾಗದಿದ್ದರೆ, ಉಷ್ಣತೆ 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಕಫದ ಬಣ್ಣ ಬದಲಾದರೆ, ಸಂಜೆ ಚಳಿ ಅಥವಾ ರಾತ್ರಿ ಬೆವರು ಕಂಡರೆ, ಹಸಿವು ಮತ್ತು ತೂಕ ಇಳಿದರೆ, ಒಂದೆರಡು ದಿನದೊಳಗೆ ವೈದ್ಯರನ್ನು ಕಾಣಿ. ಸಾಮಾನ್ಯ ಜನರಿಗೆ ಹೇಳುವ "ಎರಡು ವಾರದ ಕೆಮ್ಮು" ಎಂಬ ಗಡುವು ಇವರಿಗಲ್ಲ. ಸ್ನಾನ ಮಾಡಿದಾಗ, ಬಟ್ಟೆ ಬದಲಿಸಿದಾಗ ಮೊದಲಿಲ್ಲದ ಏದುಸಿರು ಬಂದರೆ ಅದೇ ದಿನ ತೋರಿಸಿ. ಒಣಕೆಮ್ಮಿನ ಜೊತೆ, ಕೋಣೆಯೊಳಗೆ ನಾಲ್ಕು ಹೆಜ್ಜೆ ಇಟ್ಟೊಡನೆ ಆಮ್ಲಜನಕ ಸರ್ರನೆ ಇಳಿಯುವುದು ನ್ಯುಮೊಸಿಸ್ಟಿಸ್ ಎಂಬ ಶಿಲೀಂಧ್ರದ ನ್ಯುಮೋನಿಯಾದ ಲಕ್ಷಣವಿರಬಹುದು. ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ವಾರಗಟ್ಟಲೆ ಪಡೆದವರಲ್ಲಿ ಅದು ದಿನಗಳಲ್ಲೇ ಉಲ್ಬಣಿಸುತ್ತದೆ.

ಆಮ್ಲಜನಕ 92ಕ್ಕಿಂತ ಕೆಳಗಿಳಿದರೆ, ಉಸಿರು ನಿಮಿಷಕ್ಕೆ 30ರ ಹತ್ತಿರ ಬಂದರೆ, ಮಾತು ಅಸಂಬದ್ಧವಾದರೆ, ತುಟಿ ನೀಲಿಯಾದರೆ, ಕಫದಲ್ಲಿ ರಕ್ತ ಹೆಚ್ಚಿದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ.

ಹೆಜ್ಜೆ 6: ವೈದ್ಯರ ಮುಂದೆ ಹೇಳಬೇಕಾದ ಮಾತು

ತುರ್ತು ವಿಭಾಗದಲ್ಲಿ ಸಿಗುವ ವೈದ್ಯರು ನಿಮ್ಮ ಸಂಧಿವಾತ ತಜ್ಞರಲ್ಲ. "ಗಂಟುನೋವಿಗೆ ಮಾತ್ರೆ ತಗೋತಾರೆ" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಒಂದು ಗಟ್ಟಿ ಕಾಗದದ ಮೇಲೆ ಔಷಧದ ಹೆಸರು, ಪ್ರಮಾಣ, ಕೊನೆಯ ಮಾತ್ರೆ ಅಥವಾ ಚುಚ್ಚುಮದ್ದಿನ ದಿನಾಂಕ, ಸ್ಟೀರಾಯ್ಡ್ ಎಷ್ಟು ಕಾಲದಿಂದ, ಕ್ಷಯ ತಪಾಸಣೆಯ ಫಲಿತಾಂಶ, ಪಡೆದ ಲಸಿಕೆಗಳು, ತಜ್ಞರ ದೂರವಾಣಿ ಸಂಖ್ಯೆ ಬರೆದು ರೋಗಿಯ ಪರ್ಸಿನಲ್ಲಿಡಿ. ಮೊದಲ ವಾಕ್ಯವೇ "ಇವರು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧದಲ್ಲಿದ್ದಾರೆ" ಎಂದಿರಲಿ.

ಮೆಡಿಕಲ್ ಶಾಪಿನಿಂದ ನೇರವಾಗಿ ಆಂಟಿಬಯಾಟಿಕ್ ತರುವ ಅಭ್ಯಾಸ ಇಲ್ಲಿ ಎರಡು ರೀತಿಯಲ್ಲಿ ಕೇಡು ಮಾಡುತ್ತದೆ. ಲಿವೋಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಗುಂಪಿನ ಮಾತ್ರೆಗಳು ಕ್ಷಯವನ್ನು ಅರೆಬರೆ ಅಡಗಿಸಿ, ಕೆಲವು ದಿನ ಗುಣವಾದಂತೆ ತೋರಿಸಿ, ಪತ್ತೆಯನ್ನು ವಾರಗಟ್ಟಲೆ ಮುಂದೂಡುತ್ತವೆ. ಇನ್ನೊಂದು ಇದಕ್ಕಿಂತ ಅಪಾಯಕಾರಿ: ಕೋಟ್ರೈಮೊಕ್ಸಜೋಲ್ ಎಂಬ ಆಂಟಿಬಯಾಟಿಕ್, ಅಂಗಡಿಯಲ್ಲಿ ಸೆಪ್ಟ್ರಾನ್ ಅಥವಾ ಬ್ಯಾಕ್ಟ್ರಿಮ್ ಎಂದು ದೊರೆಯುವುದು, ಮೆಥೊಟ್ರೆಕ್ಸೇಟ್ ಜೊತೆ ಸೇರಿದಾಗ ಮೂಳೆಮಜ್ಜೆಯನ್ನು ಕುಗ್ಗಿಸಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ನ್ಯುಮೊಸಿಸ್ಟಿಸ್‌ಗೂ ಮೆಲಿಯಾಯ್ಡೋಸಿಸ್‌ಗೂ ಇದೇ ಮುಖ್ಯ ಔಷಧಗಳಲ್ಲೊಂದು, ಆದ್ದರಿಂದ ಅನಿವಾರ್ಯವಾದಾಗ ವೈದ್ಯರು ಮೆಥೊಟ್ರೆಕ್ಸೇಟ್ ನಿಲ್ಲಿಸಿ, ರಕ್ತ ಪರೀಕ್ಷೆ ಮಾಡಿಸುತ್ತ ಕೊಡುತ್ತಾರೆ. ಅವರಿಗೆ ಮೆಥೊಟ್ರೆಕ್ಸೇಟ್ ವಿಷಯ ಗೊತ್ತಿರಬೇಕು, ಅಷ್ಟೇ. ಬಾಯಿಹುಣ್ಣು ಇದ್ದಕ್ಕಿದ್ದಂತೆ ಎದ್ದರೆ ರಕ್ತಕಣಗಳ ಎಣಿಕೆಯನ್ನು ಅಂದೇ ಮಾಡಿಸಿ.

ಕ್ಷಯದ ಅನುಮಾನವಿದ್ದರೆ ಸರ್ಕಾರಿ ವ್ಯವಸ್ಥೆಯಲ್ಲಿ, ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾವನ್ನು ಯಂತ್ರದಿಂದ ಪತ್ತೆಹಚ್ಚುವ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆ ಉಚಿತ, ಚಿಕಿತ್ಸೆಯೂ ಉಚಿತ. ಮಾಹಿತಿಗೆ ನಿಕ್ಷಯ್ ಸಹಾಯವಾಣಿ 1800-11-6666 ಇದೆ. ಮಾದರಿ ಕೊಡುವಾಗ ಬೆಳಿಗ್ಗೆ ಎದ್ದೊಡನೆ ಬಾಯಿ ಮುಕ್ಕಳಿಸಿ, ದೀರ್ಘ ಉಸಿರೆಳೆದು, ಎದೆಯ ಆಳದಿಂದ ಕೆಮ್ಮಿದ ಕಫವನ್ನೇ ಕೊಡಬೇಕು. ಎಂಜಲು ಕೊಟ್ಟರೆ ಯಂತ್ರ ಏನನ್ನೂ ಹಿಡಿಯಲಾರದು. ಅಮ್ಮನ ಮೊದಲ ಮಾದರಿ ಹಾಗೆಯೇ ವ್ಯರ್ಥವಾಯಿತು. ಬೆರಳುಗಳಿಂದ ಡಬ್ಬಿಯ ಮುಚ್ಚಳ ತಿರುಗಿಸಲಾಗದೆ ಅವಸರದಲ್ಲಿ ಉಗುಳಿದ್ದರು. ಎರಡನೆಯ ದಿನ ಮುಚ್ಚಳವನ್ನು ನಾನೇ ತೆಗೆದು, ಹಿತ್ತಿಲ ಬಾಗಿಲಿನ ಗಾಳಿಯಲ್ಲಿ ಪಕ್ಕಕ್ಕೆ ಸರಿದು ನಿಂತೆ. ಎಕ್ಸ್‌ರೇಯಲ್ಲಿ ಸ್ಪಷ್ಟವಾಗದಿದ್ದರೆ ಸಿಟಿ ಸ್ಕ್ಯಾನ್, ಕಫ ಬಾರದಿದ್ದರೆ ಶ್ವಾಸನಾಳದೊಳಗೆ ನಳಿಕೆ ಇಳಿಸಿ ಮಾದರಿ ತೆಗೆಯುವ ಬ್ರಾಂಕೋಸ್ಕೊಪಿ ಬೇಕಾಗಬಹುದು, ಅದಕ್ಕೆ ಹಿಂಜರಿಯಬೇಡಿ.

ಹೆಜ್ಜೆ 7: ಸೋಂಕಿನ ಸಮಯದಲ್ಲಿ ಯಾವುದನ್ನು ನಿಲ್ಲಿಸಬೇಕು, ಯಾವಾಗ ಮತ್ತೆ ಆರಂಭಿಸಬೇಕು

ಸಾಮಾನ್ಯ ನೆಗಡಿಗೆ ಎಲ್ಲವನ್ನೂ ನಿಲ್ಲಿಸಬೇಕಾಗಿಲ್ಲ. ಆಂಟಿಬಯಾಟಿಕ್ ಬೇಕಾಗುವಷ್ಟು ಅಥವಾ ಆಸ್ಪತ್ರೆ ಸೇರುವಷ್ಟು ಸೋಂಕಾದಾಗ ಬಯಾಲಜಿಕ್ ಮತ್ತು ಜ್ಯಾಕ್ ತಡೆ ಮಾತ್ರೆಗಳನ್ನು ತಡೆಹಿಡಿಯುತ್ತಾರೆ. ಮೆಥೊಟ್ರೆಕ್ಸೇಟ್, ಲೆಫ್ಲುನೊಮೈಡ್‌ಗಳನ್ನೂ ಸಾಮಾನ್ಯವಾಗಿ ಗುಣವಾಗುವವರೆಗೆ ನಿಲ್ಲಿಸುತ್ತಾರೆ. ವಾಂತಿ ಭೇದಿಯಿಂದ ದೇಹ ಒಣಗಿದಾಗಲೂ ಮೆಥೊಟ್ರೆಕ್ಸೇಟ್ ಆ ವಾರ ಬೇಡ, ಮೂತ್ರಪಿಂಡ ಅದನ್ನು ಹೊರಹಾಕಲಾರದೆ ವಿಷದಂತಾಗುತ್ತದೆ. ಹೈಡ್ರಾಕ್ಸಿಕ್ಲೋರೊಕ್ವಿನ್ ಬಹುತೇಕ ಮುಂದುವರಿಯುತ್ತದೆ.

ಸ್ಟೀರಾಯ್ಡ್ ಒಂದನ್ನು ಮಾತ್ರ ಯಾವ ಕಾರಣಕ್ಕೂ ಥಟ್ಟನೆ ನಿಲ್ಲಿಸಬಾರದು. ತಿಂಗಳುಗಟ್ಟಲೆ ಹೊರಗಿನಿಂದ ಪಡೆದ ದೇಹ ತನ್ನದನ್ನು ತಯಾರಿಸುವುದನ್ನು ಮರೆತಿರುತ್ತದೆ. ಸೋಂಕಿನ ಒತ್ತಡದಲ್ಲಿ ಏಕಾಏಕಿ ನಿಂತರೆ ರಕ್ತದೊತ್ತಡ ಕುಸಿದು ಪ್ರಾಣಾಪಾಯವಾಗಬಹುದು, ಎಷ್ಟೋ ಸಲ ಆ ದಿನಗಳಲ್ಲಿ ಪ್ರಮಾಣವನ್ನು ತಾತ್ಕಾಲಿಕವಾಗಿ ಏರಿಸಲೇಬೇಕಾಗುತ್ತದೆ. ವಾಂತಿಯಿಂದ ಮಾತ್ರೆ ಒಳಗೆ ನಿಲ್ಲದಿದ್ದರೆ ಚುಚ್ಚುಮದ್ದಿನ ರೂಪದಲ್ಲಿ ಬೇಕು ಎಂದು ಕೇಳಿ.

ಬ್ಯಾಕ್ಟೀರಿಯಾದ ನ್ಯುಮೋನಿಯಾ ಆಗಿದ್ದರೆ ಆಂಟಿಬಯಾಟಿಕ್ ಪೂರ್ತಿ ಮುಗಿದು, ಲಕ್ಷಣಗಳು ಹೋದ ಮೇಲೆ ಔಷಧಗಳನ್ನು ಒಂದೊಂದಾಗಿ ಹಿಂದಕ್ಕೆ ತರುತ್ತಾರೆ. ಕ್ಷಯವಾಗಿದ್ದರೆ ಲೆಕ್ಕ ಬೇರೆ: ಔಷಧಕ್ಕೆ ಬಗ್ಗುವ ಕ್ಷಯದ ಚಿಕಿತ್ಸೆ ಆರು ತಿಂಗಳದ್ದು, ಟಿಎನ್‌ಎಫ್ ತಡೆ ಔಷಧಗಳನ್ನು ಸಾಮಾನ್ಯವಾಗಿ ಅದು ಮುಗಿದ ಮೇಲಷ್ಟೇ ಪರಿಗಣಿಸುತ್ತಾರೆ. ಆ ನಡುವಿನ ತಿಂಗಳುಗಳು ಕಷ್ಟದವು. ಕೀಲುಗಳು ಉರಿಯುತ್ತವೆ, ಬೆಳಗಿನ ಬಿಗಿತ ಮರಳುತ್ತದೆ, ರೋಗಿ ಹತಾಶೆಯಿಂದ ಕ್ಷಯದ ಮಾತ್ರೆಯನ್ನೇ ಬಿಡುವ ಯೋಚನೆ ಮಾಡಬಹುದು. ಆ ಕಾಲದಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಸಲಜೀನ್, ಕೀಲಿನೊಳಗೆ ಕೊಡುವ ಚುಚ್ಚುಮದ್ದು, ಬಿಸಿನೀರಿನ ಕಾವು, ಫಿಸಿಯೋಥೆರಪಿ ಇವುಗಳಿಂದ ದಿನ ದೂಡಬೇಕಾಗುತ್ತದೆ. ಅಮ್ಮನಿಗೆ ಆ ಆರು ತಿಂಗಳು ಲೋಟ ಹಿಡಿಯುವುದೇ ಕಷ್ಟವಾಗಿತ್ತು, ಎರಡು ಹಿಡಿಕೆಯ ಸ್ಟೀಲ್ ಲೋಟ ತಂದುಕೊಟ್ಟೆವು. ಚಿಕಿತ್ಸೆ ಮುಗಿದು, ಯಕೃತ್ತಿನ ಪರೀಕ್ಷೆ ಸರಿಯಿದೆ ಎಂದು ಖಚಿತವಾದ ಮೇಲೆ ಮೆಥೊಟ್ರೆಕ್ಸೇಟ್ ಮತ್ತೆ ಸಣ್ಣ ಪ್ರಮಾಣದಲ್ಲಿ ಶುರುವಾಯಿತು, ಪ್ರೆಡ್ನಿಸೊಲೋನ್ ತಿಂಗಳು ತಿಂಗಳಿಗೂ ಇಳಿಯುತ್ತ ಬಂತು. ಈಗ ಕ್ಯಾಲೆಂಡರಿನಲ್ಲಿ ಭಾನುವಾರದ ಕೆಂಪು ಸುತ್ತಿನ ಪಕ್ಕ ಇನ್ನೆರಡು ಅಂಕಿಗಳನ್ನೂ ಬರೆಯುತ್ತೇವೆ: ಆ ವಾರದ ತೂಕ, ಮತ್ತು ಅವರು ತುಳಸಿಕಟ್ಟೆಗೆ ಹಾಕಿದ ಸುತ್ತುಗಳ ಸಂಖ್ಯೆ.